ಒಂದೇ ಕೈಬರಹದ ಆರು ಮುಚ್ಚಳಿಕೆ

ಗೌರಿಬಿದನೂರು
14 ಜುಲೈ 2024

ಪ್ರೀತಿಯ ಗಂಗಾ,

ನಿನ್ನ ಮೂರು ಫೋನಿಗೂ ಉತ್ತರಿಸಲಿಲ್ಲ, ಕ್ಷಮಿಸು. ನನ್ನ ಹೊಟ್ಟೆಕಿಚ್ಚು ದನಿಯಲ್ಲೇ ಗೊತ್ತಾಗಿಬಿಡುತ್ತಿತ್ತು. ನಾವೆಲ್ಲ ಕ್ಷೇಮ. ಇವರ ಮಂಡಿನೋವು ಪರವಾಗಿಲ್ಲ.

ತೀರ್ಪು ಪೇಪರಿನಲ್ಲಿ ಓದಿದೆ. ಕುಡಿಯುವ ನೀರು ಕೇಳಿದ ನಮ್ಮ ಏಳು ಜನರನ್ನು ಕೇಸೂ ಹಾಕದೆ ಠಾಣೆಯಲ್ಲಿ ಕೂರಿಸಿದ್ದು ಸಂವಿಧಾನ ಕೊಟ್ಟ ಹಕ್ಕಿನ ಉಲ್ಲಂಘನೆ, ಪರಿಹಾರವನ್ನು ಇನ್ಸ್‌ಪೆಕ್ಟರ್ ತನ್ನ ಸಂಬಳದಿಂದಲೇ ಕೊಡಬೇಕು, ಇಲಾಖೆಯೂ ವಿಚಾರಣೆ ಮಾಡಬೇಕು. ಜೊತೆಗೆ ನಿನ್ನ ಫೋಟೊ. ನೀನು ಉಟ್ಟಿದ್ದು ಕೋರ್ಟಿಗೆಂದು ನಾನು ಮಡಿಸಿಕೊಟ್ಟಿದ್ದ ಹಸಿರು ಸೀರೆ!

ಇವರು ಕಾಫಿ ಕುಡಿಯುತ್ತಾ, "ನೋಡೇ ಭಾನು, ಏಳ್ನೇ ಕ್ಲಾಸು ಓದಿರೋ ಮುನಿಗಂಗಮ್ಮ ಇನ್ಸ್‌ಪೆಕ್ಟರ್‌ನ ಕೋರ್ಟಲ್ಲಿ ನಿಲ್ಲಿಸಿದ್ಲು. ನೀನು ಎಂಎ ಮಾಡಿ ಪದ್ಯ ಓದ್ಕೊಂಡು ಕೂತ್ಕೊ" ಎಂದು ನಕ್ಕರು. ಉಪ್ಪಿಟ್ಟು ತಳ ಹತ್ತಿತು.

ಠಾಣೆಯಲ್ಲಿ ಆ ಬೆಳಿಗ್ಗೆ ನೆನಪಿದೆಯಲ್ಲ? "ನಾವಾಗೇ ಬಂದಿದ್ವಿ ಅಂತ ಮುಚ್ಚಳಿಕೆ ಬರ್ಕೊಟ್ಟು ಹೊರಡ್ರಮ್ಮ" ಎಂದ ಇನ್ಸ್‌ಪೆಕ್ಟರ್. ನಮ್ಮ ಜೊತೆ ಕೂತಿದ್ದ ವೆಂಕಟರತ್ನಮ್ಮ ನನ್ನ ಕಡೆ ತಿರುಗಿ, "ಓದಿರೋಳು ನೀನೇ ಅಲ್ವಾ, ಎಲ್ಲಾರ್ದೂ ಬರ್ದಾಕಮ್ಮ" ಎಂದರು. ಬರೆದೆ. ಆರು ಜನ ರುಜು ಹಾಕಿದೆವು. ನೀನು ಮಾತ್ರ, "ನಾನಾಗೆಲ್ಲಿ ಬಂದೆ? ಜೀಪಲ್ಲಿ ತುಂಬ್ಕೊಂಡ್ ಬಂದ್ರಿ. ಸುಳ್ಳಿಗೆ ರುಜು ಹಾಕಲ್ಲ ಕಣಪ್ಪ" ಎಂದೆ. ನಾವು ಮನೆಗೆ ಹೋದೆವು, ನೀನು ಇನ್ನೂ ಒಂದು ದಿನ ಆ ಬೆಂಚಿನ ಮೇಲೆ.

ಆರು ಹೆಂಗಸರ ಸ್ವಇಚ್ಛೆ ಒಂದೇ ಕೈಬರಹದಲ್ಲಿ ಹೇಗೆ ಬಂತು ಎಂದು ಕೋರ್ಟು ಕೇಳಿತಂತೆ. ನೀನು ಗೆದ್ದದ್ದರಲ್ಲಿ ನನ್ನ ಅಕ್ಷರದ್ದೂ ಪಾಲಿದೆ. ಆದರೆ ತೀರ್ಪಿನಲ್ಲಿ ನಾನು ಬರೀ 'ಓದು ಬಲ್ಲ ಒಬ್ಬ ಮಹಿಳೆ'. ಹೆಸರಿಲ್ಲ. ಅದಕ್ಕೂ ಕಿಚ್ಚಾಯಿತು, ನೋಡು.

ಶುಕ್ರವಾರದ ಇಲಾಖಾ ವಿಚಾರಣೆಗೆ ಸಾಕ್ಷಿಯಾಗಿ ಬಂದೇ ಬರುತ್ತೇನೆ. ಆ ಇನ್ಸ್‌ಪೆಕ್ಟರ್ ಕೇಳದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ ಎನ್ನುತ್ತೇನೆ. ಅದು ನಿಜ.

ನಿನಗೂ ಮಗಳು ಚೈತ್ರಳಿಗೂ ಒಳ್ಳೆಯದಾಗಲಿ. ಕಿಚ್ಚಿದ್ದರೂ ಈ ಹಾರೈಕೆ ಸುಳ್ಳಲ್ಲ.

ನಿನ್ನ
ಭಾನುಪ್ರಿಯಾ

ಮರೆತಿದ್ದೆ: ಮುಚ್ಚಳಿಕೆಯ ಪ್ರತಿ ಮಾತನ್ನೂ ಅವನೇ ಹೇಳಿ ಬರೆಸಿದ ಅಂತ ಹೇಳಬೇಕೆಂದು ನಿನ್ನ ಲಾಯರ್ ಕೇಳಿದ್ದಾರೆ. ಆಗುವುದಿಲ್ಲ ಗಂಗಾ. 'ಅಧಿಕಾರಿಗಳು ನಮ್ಮನ್ನು ಮನೆಮಕ್ಕಳಂತೆ ಕಂಡರು' ಎಂಬ ಸಾಲು ನನ್ನದೇ. ಯಾರೂ ಕೇಳಿರಲಿಲ್ಲ. ಅವನು ಓದಿ, "ಆಹಾ, ಏನ್ ಬರೀತೀರ ಮೇಡಂ!" ಎಂದ. ನೀನು ಬೆಂಚಿನಿಂದ ನೋಡುತ್ತಿದ್ದೆ, ನನಗೆ ಖುಷಿಯಾಯಿತು. ಅಲ್ಲಿಯವರೆಗೆ ನನ್ನ ಬರವಣಿಗೆಯನ್ನು ಯಾರೂ ಹೊಗಳಿರಲಿಲ್ಲ.