ಹಿಂದಿನ ಗಾಲಿ ಮ್ಯಾಲಿನ ಉಸುಕಿನ ಚೀಲ

ಅಪ್ಪಾ,

ನೀ ಸತ್ತು ಎರಡು ವರ್ಷಾತು. ಈ ಕಾಗದ ಯಾವ ಟಪಾಲಿಗೂ ಹಾಕಂಗಿಲ್ಲ. ಆದರೂ ಇವತ್ತ ಮುಂಬೈ ಗ್ಯಾರೇಜಿನ್ಯಾಗ ಆದದ್ದು ನಿನಗ ಹೇಳಬೇಕು.

ರೇಸಿಗೆ ಹೋಗೋ ಮೋಟಾರು ಬಂದಿತ್ತು. ಜೋರ ಓಡಲಿ ಅಂತ ಹಿಂದಿನ ಸೀಟು, ಬಾಗಲಾ ಎಲ್ಲಾ ಬಿಚ್ಚಿ ಹಗರ ಮಾಡಿದ್ವಿ. ಹಗರಾಗಿ ಹಿಂದಿನ ಗಾಲಿ ನೆಲಾನ ಹಿಡೀಲಿಲ್ಲ, ನಿಂತಲ್ಲೇ ತಿರುಗಿದ್ವು. ನಾ ಹಿಂದಿನ ಗಾಲಿ ಮ್ಯಾಲ ಭಾರ ಬೀಳೋಹಂಗ ಎರಡು ಉಸುಕಿನ ಚೀಲ ಕಟ್ಟಿದೆ. ಆಮ್ಯಾಲ ತಿರುವಿನ್ಯಾಗೂ ಜಾರಲಿಲ್ಲ.

"ಯಾರ್ ಕಲಿಸಿದ್ರಲೇ ಇದನ್ನ?" ಅಂತ ಗ್ಯಾರೇಜಿನ ಮೇಸ್ತ್ರಿ, ನಮ್ಮ ಹುಬ್ಬಳ್ಳಿ ಕಡೆಯ ಹುಚ್ಚಪ್ಪ ಕೇಳಿದ.

"ಯಾರೂ ಇಲ್ಲರಿ. ನಾನ ಕಂಡುಹಿಡಿದೆ" ಅಂದೆ.

ಸ್ವಾತಂತ್ರ್ಯ ಬಂದ ವರ್ಷ, ನೀ ಯಾರ ಮೋಟಾರು ಹೊಡೀತಿದ್ದಿ ಆ ಸಾವಕಾರ ಗದಗಿನಿಂದ ಲಕ್ಕುಂಡಿತನಕಾ ಮೋಟಾರಿನ ಪಂದ್ಯ ಕಟ್ಟಿದ್ದ. ಎರಿಮಣ್ಣಿನ ದಾರಿ ಹಸೀ ಇತ್ತು. ಜಾರಬಾರದಂತ ನೀ ಹಿಂದಿನ ಗಾಲಿ ಮ್ಯಾಲ ಕಟ್ಟಿದ್ದ ಉಸುಕಿನ ಚೀಲಾನ, ಹಗರಾದ್ರ ಇನ್ನೂ ಜೋರ ಓಡತೈತಿ ಅಂತ ನಾ ಕದ್ದು ಬಿಚ್ಚಿದ್ದೆ. ನೀ ಮೋಟಾರು ಸಮೇತ ಹಳ್ಳಕ್ಕ ಬಿದ್ದಿ.

"ಚೀಲಾ ಯಾಂವ ಬಿಚ್ಚಿದಾ?" ಅಂದ ಸಾವಕಾರ.

"ನಾನರಿ" ಅಂದಿ ನೀ.

ಅವತ್ತ ನಿನ್ನ ಡ್ರೈವರಕಿ ಹೋತು. ಸಾಯೋತನಕಾ ನನ್ನ ಎದುರಿಗೆ ಉಂಡಿ, ಆ ಮಾತು ಒಮ್ಮೆಯೂ ಎತ್ತಲಿಲ್ಲ. ಒಂದ ಸಲ ಬೈದಿದ್ರ ನನ್ನ ತಪ್ಪು ಅಲ್ಲೇ ತೀರತಿತ್ತು, ಇವತ್ತ ಹುಚ್ಚಪ್ಪಗ ನಿನ್ನ ಹೆಸರ ಹೇಳತಿದ್ದೆ.