ವಿಜಯದ ಕೆಳಗಿನ ಚೀಟಿ

ಮಾರ್ಚ್ 9, ಶನಿವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಭಾವ, ಮಕ್ಕಳು ಎಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಇಲ್ಲಿ ಬೈಯುವವರಿಗೇನೂ ಬರವಿಲ್ಲ. ಅಪ್ಪ ಹೇಗೋ ಇದ್ದಾರೆ. ಊಟ ಕಡಿಮೆ, ಮಾತು ಅದಕ್ಕಿಂತ ಕಡಿಮೆ.

ಸೋಮವಾರ ನಮ್ಮ ಶಾಲೆಯ ಆಡಳಿತ ಮಂಡಳಿಯ ಎದುರು ನನ್ನ ವಿಚಾರಣೆ. ಕೆಲಸ ಉಳಿಯುತ್ತದೋ ಇಲ್ಲವೋ ಅಂದೇ ತೀರ್ಮಾನ.

ನಮ್ಮಲ್ಲಿ ದೇಶದ ಇತಿಹಾಸ ಒಂಬತ್ತನೆಯ ತರಗತಿಗೆ, ಜಗತ್ತಿನದು ಹತ್ತಕ್ಕೆ. ಮಕ್ಕಳ ತಲೆಯಲ್ಲಿ ನಾವೊಂದು ಗ್ರಹ, ಉಳಿದವರೊಂದು ಗ್ರಹ. ನಾನು ಎರಡನ್ನೂ ಒಟ್ಟಿಗೆ ಕಲಿಸತೊಡಗಿದೆ. ಗೋಡೆಗೆ ಎರಡು ಹಗ್ಗ. ಮೇಲಿನದಕ್ಕೆ ನಮ್ಮ ದೇಶದ ಚೀಟಿ, ಕೆಳಗಿನದಕ್ಕೆ ಅದೇ ವರ್ಷ ಹೊರಗೆ ನಡೆದದ್ದು. ಮೇಲೆ ಚೀಟಿ ತೂಗಿದರೆ ಕೆಳಗೆ ಖಾಲಿ ಬಿಡುವಂತಿಲ್ಲ. ಭೂಗೋಳದ ಮೇಷ್ಟ್ರು, ಬಟ್ಟೆ ಒಣಗಿಸುತ್ತಿದ್ದೀರಾ ಎಂದು ಕಾಲೆಳೆದರು. ಮಕ್ಕಳಿಗಂತೂ ಹುಚ್ಚೇ ಹಿಡಿಯಿತು.

ಗಡಿಯುದ್ಧ ಗೆದ್ದ ವರ್ಷ ಬಂತು. ಅಪ್ಪ ಫಿರಂಗಿ ದಳದಲ್ಲಿದ್ದರಲ್ಲ, ಅದೇ ಯುದ್ಧ. ಮೇಲೆ 'ವಿಜಯ' ಎಂದು ಕೆಂಪಕ್ಷರದ ಚೀಟಿ ತೂಗಿತು. ನಾವು ಬಾಯಿಬಡುಕಿ ಎನ್ನುವ ಹುಡುಗಿ ಹೊರದೇಶದ ಹಳೆಯ ಪತ್ರಿಕೆಗಳನ್ನೆಲ್ಲ ತಡಕಿ ಕೆಳಗೊಂದು ಸಿಕ್ಕಿಸಿದಳು: ಗಡಿ ನದಿಯಾಚೆಯ ಊರಿನ ಶಾಲೆಗೆ ನಮ್ಮ ಫಿರಂಗಿ ಗುಂಡು ಬಿತ್ತು, ಒಳಗೆ ಪಾಠ ನಡೆಯುತ್ತಿತ್ತು. ಬೇರೆ ಪತ್ರಿಕೆಗಳ ಜೊತೆ ಹೋಲಿಸಿ ನೋಡಿದೆ. ನಿಜವೇ. ಚೀಟಿ ಅಲ್ಲೇ ಇರಲೆಂದು ಬಿಟ್ಟೆ.

ವಾರದೊಳಗೆ ದೂರು ಬಂತು. ಹೆಡ್‌ಮೇಷ್ಟ್ರು ಬಾಗಿಲು ಮುಚ್ಚಿಸಿ, ಅದೊಂದನ್ನು ಕಿತ್ತುಬಿಡಿ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಎಂದರು. ಆಗುವುದಿಲ್ಲ ಎಂದೆ.

"ಹಾಗಾದ್ರೆ ಬರೆದ ಮಗು ಯಾರು ಹೇಳಿ. ಅಪ್ಪ ಅಮ್ಮನ್ನ ಕರೆಸ್ತೀವಿ."

"ಬರೆದಿದ್ದು ನಾನೇ ಸಾರ್," ಎಂದುಬಿಟ್ಟೆ. ಅರ್ಧ ಸಿಟ್ಟು, ಅರ್ಧ ಭಯ.

ಸೋಮವಾರ ದೂರು ಕೊಟ್ಟವರನ್ನೂ ಎದುರು ಕೂರಿಸುತ್ತಾರಂತೆ. ಕೂರಿಸಲಿ. ಮಕ್ಕಳಿಗೆ ಈ ಚಿಕ್ಕಮ್ಮನ ಮುದ್ದು. ನೀನು ಅಲ್ಲಿಂದಲೇ ನನ್ನ ತಲೆ ಸವರಿ ಹರಸು.

ನಿನ್ನ
ತಂಗಿ

ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ದೂರು ಕೊಟ್ಟವರು ಅಪ್ಪ. ನಾನು ಮರೆತ ಕನ್ನಡಕ ಕೊಡಲು ಶಾಲೆಗೆ ಬಂದವರು ಗೋಡೆ ಓದಿದ್ದಾರೆ. ಹೆಡ್‌ಮೇಷ್ಟ್ರು ನಿನ್ನೆ ಹೇಳಿದರು. ಇವತ್ತು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ತಟ್ಟೆಯಿಂದ ತಲೆ ಎತ್ತಲಿಲ್ಲ. "ಆ ಶಾಲೇಲಿ ಮದ್ದುಗುಂಡು ಇಟ್ಟಿದ್ದಾರೆ ಅಂದಿದ್ರು ನಮಗೆ. ಆ ಚೀಟಿ ಸುಳ್ಳು ಅಂತ ನೀನೊಂದು ಸಲ ಹೇಳು ಮಗಳೇ, ದೂರು ಈಗಲೇ ವಾಪಸ್ ತಗೋತೀನಿ," ಎಂದರು. ಹೇಳಲಾಗಲಿಲ್ಲ, ಅಕ್ಕಾ. ಅವರ ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುವುದಿಲ್ಲ. ಸೋಮವಾರ ಕೈಹಿಡಿದು ಮಹಡಿಯ ಮೇಲಿನ ವಿಚಾರಣೆಗೆ ಕರೆದುಕೊಂಡು ಹೋಗಬೇಕಾದವಳು ನಾನೇ.