ಈ ಕೈ ಯಾರದು?

ಹೊಲಿಗೆ ಅಂಗಡಿಯ ಮಹಡಿ ಮನೆ
ಮಾರ್ಚ್ ೧೪, ಶನಿವಾರ, ಮಧ್ಯಾಹ್ನ

ಪ್ರೀತಿಯ ಗುಂಡಿ,

ಹೇಗಿದ್ದೀಯ? ಗಂಟಲು ಹೇಗಿದೆ? ದಿನಕ್ಕೆ ಎಂಟು ಗಂಟೆ ಕತ್ತಲೆ ಕೋಣೆಯಲ್ಲಿ ನಿಂತು ಬೇರೆ ನಟಿಯರ ತುಟಿಗೆ ನಿನ್ನ ದನಿ ಕೊಡುತ್ತೀಯಂತೆ. ನಿನಗೆ ಮೇಕಪ್ ಮಾಡುತ್ತಿದ್ದಾಕೆ ಹೇಳಿದರು. ವಿಳಾಸ ಕೊಟ್ಟವರೂ ಅವರೇ. ಅವರನ್ನು ಬೈಯಬೇಡ, ನಾನೇ ಕಾಡಿ ಬೇಡಿ ಈಸಿಕೊಂಡೆ. ಬಿಸಿನೀರು ಕುಡಿಯುತ್ತಿದ್ದೀಯ ತಾನೆ? ಎಡಗಡೆಯ ದವಡೆ ಹಲ್ಲು ಕೀಳಿಸಿದೆಯೋ, ಇಲ್ಲ ಇನ್ನೂ ಲವಂಗ ಕಚ್ಚಿಕೊಂಡೇ ಕಾಲ ತಳ್ಳುತ್ತಿದ್ದೀಯೋ? ಇದನ್ನೆಲ್ಲ ಕೇಳುವುದಕ್ಕೆ ಇವಳು ಯಾರು ಅಂತ ನಿನಗೆ ಅನ್ನಿಸಬಹುದು. ಅನ್ನಿಸಲಿ. ಅಕ್ಕನಾಗಿ ಹುಟ್ಟಿದವಳಿಗೆ ಕೇಳುವುದು ಒಂದು ಚಟ, ಉತ್ತರ ಬರದಿದ್ದರೂ ಬಿಡುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ, ಕನ್ನಡಕದ ನಂಬರು ಏರಿದೆ, ಕುತ್ತಿಗೆ ಹಿಡಿದುಕೊಂಡಿದೆ, ಬುದ್ಧಿ ಮಾತ್ರ ಇದ್ದಲ್ಲೇ ಇದೆ.

ಅಪ್ಪ ಇದ್ದಾರೆ. ಈಗಲೂ ಕೆಳಗೆ ಮಿಷನ್ನಿನ ಸದ್ದು ಕೇಳಿಸುತ್ತಿದೆ. ಆದರೆ ನೀನು ಹೋದ ಮೇಲೆ ಅವರು ಯಾರ ಮೈಯ ಅಳತೆಯನ್ನೂ ತೆಗೆಯುವುದಿಲ್ಲ. ಬಂದ ಹೆಂಗಸರ ಕೈಗೆ ಟೇಪು ಕೊಟ್ಟು, ಪರದೆಯ ಆ ಕಡೆ ಹೋಗಿ ನೀವೇ ಅಳೆದುಕೊಂಡು ಬನ್ನಿ ಅನ್ನುತ್ತಾರೆ. ಅವರು ತಪ್ಪು ಅಳೆಯುತ್ತಾರೆ, ರವಿಕೆ ಬಿಗಿಯಾಗುತ್ತದೆ, ಬಂದು ಜಗಳ ಆಡುತ್ತಾರೆ. ಅಪ್ಪ ಬಿಚ್ಚಿ ಮತ್ತೆ ಹೊಲಿಯುತ್ತಾರೆ. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಮೂರು ವರ್ಷದವಳಿದ್ದಾಗ ನೀನು ಕೋಟಿನ ಗುಂಡಿ ನುಂಗಿ, ಅದು ಎರಡು ದಿನ ಬಿಟ್ಟು ತನ್ನ ದಾರಿ ಹಿಡಿದು ಹೊರಗೆ ಬಂದ ಕಥೆಯನ್ನು ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದರಲ್ಲ, ಈಗ ಅದನ್ನೂ ಹೇಳುವುದಿಲ್ಲ. ಅಂದು ನಿನಗೆ ಗುಂಡಿ ಅಂತ ಹೆಸರಿಟ್ಟವರು ಈಗ ಆ ಶಬ್ದ ಬಂದರೆ ‘ಬಟನ್ನು’ ಅನ್ನುತ್ತಾರೆ. ಕೇಳಿದರೆ ನಗು ಬರಬೇಕು, ಬರುವುದಿಲ್ಲ.

ನನ್ನ ಕೆಲಸದ ಬಗ್ಗೆ ನೀನು ಯಾವತ್ತೂ ಸರಿಯಾಗಿ ಕೇಳಿದವಳಲ್ಲ. ಅಕ್ಕ ಸಿನಿಮಾ ಪತ್ರಿಕೆಯಲ್ಲಿ ಬಣ್ಣ ಬಳಿಯುತ್ತಾಳೆ, ಅಷ್ಟೇ ನಿನ್ನ ಲೆಕ್ಕ. ಇವತ್ತು ಹೇಳುತ್ತೇನೆ ಕೇಳು, ಯಾಕೆಂದರೆ ನಿನ್ನ ಬಾಳು ಅದರ ಒಳಗೇ ಸಿಕ್ಕಿಕೊಂಡಿದೆ. ನಮ್ಮ ಕಚೇರಿಯಿಂದ ಮೂರು ಪತ್ರಿಕೆ ಹೊರಡುತ್ತವೆ. ನಾವು ಅವನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹಳದಿ, ಗುಲಾಬಿ, ಬಿಳಿ ಅನ್ನುತ್ತೇವೆ. ಹಳದಿ ಕಾಲೇಜು ಹುಡುಗರಿಗೆ. ಅಂಗಡಿಯ ತಂತಿಗೆ ಕ್ಲಿಪ್ಪು ಹಾಕಿ ನೇತುಹಾಕಿದರೆ ರಸ್ತೆಯ ಆಚೆ ಬದಿಯಿಂದ ಕಾಣಬೇಕು. ಮುಖ ಪುಟದ ತುಂಬ ಇರಬೇಕು, ಅಕ್ಷರ ಓರೆಯಾಗಿ ಓಡುತ್ತಿರಬೇಕು, ಎರಡು ಕಡೆಯಾದರೂ ಆಶ್ಚರ್ಯಸೂಚಕ ಇರಬೇಕು. ಗುಲಾಬಿ ಸಂಸಾರಸ್ಥರಿಗೆ. ಅಕ್ಷರಗಳಿಗೆ ಮೂಲೆಗಳೇ ಇರಕೂಡದು, ನಟಿ ಓದುವವಳ ಕಣ್ಣಲ್ಲಿ ಕಣ್ಣಿಟ್ಟು ನಗಬೇಕು, ಸುತ್ತ ಹೂವಿನ ಅಂಚು, ಕೆಳಗೆ ಸ್ವೆಟರ್ ಹೆಣೆಯುವ ವಿಧಾನ. ಬಿಳಿ ತಿಳಿದವರಿಗೆ. ಅದರಲ್ಲಿ ಮುಕ್ಕಾಲು ಪುಟ ಖಾಲಿ. ನಟ ನಟಿಯರು ಯಾರನ್ನೂ ನೋಡಬಾರದು, ಕಿಟಕಿಯನ್ನು ನೋಡಬೇಕು. ಅದನ್ನು ಕೊಳ್ಳುವವರು ಓದುವುದಕ್ಕೆ ಕೊಳ್ಳುತ್ತಾರೋ, ಓದುತ್ತಿದ್ದೇವೆ ಅಂತ ಪಕ್ಕದವರಿಗೆ ತೋರಿಸುವುದಕ್ಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಫೋಟೋ ಮಾತ್ರ ಮೂರಕ್ಕೂ ಒಂದೇ ಡ್ರಾಯರಿನಿಂದ ಹೋಗುತ್ತದೆ. ಸುಕ್ಕಿಗೂ ನಮ್ಮಲ್ಲಿ ನಿಯಮವಿದೆ. ಹಳದಿಯಲ್ಲಿ ಯಾರ ಮೈಮೇಲೂ ಸುಕ್ಕು ಇರಬಾರದು. ಗುಲಾಬಿಯಲ್ಲಿ ಅಮ್ಮಂದಿರಿಗೆ ಮಾತ್ರ ಇರಬಹುದು. ಬಿಳಿಯಲ್ಲಿ ಇಲ್ಲದಿದ್ದರೂ ನಾವೇ ಗೀಚಬೇಕು.

ಆ ಫೋಟೋ ನಿನಗೆ ನೆನಪಿದೆ. ಸೆಟ್ಟಿನಲ್ಲಿ ನಿನ್ನ ಉಡುಪಿನ ಎಡ ಹೆಗಲು ಜಾರುತ್ತಿದೆ ಅಂತ ಅಪ್ಪನನ್ನು ಕರೆಸಿದ್ದರು. ಅಪ್ಪ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟು ಬಟ್ಟೆ ಹಿಡಿದಿದ್ದರು, ಬಾಯಲ್ಲಿ ನಾಲ್ಕು ಪಿನ್ನು, ಪಿನ್ನುಗಳ ನಡುವಿನಿಂದಲೇ ನಿನ್ನನ್ನು ಗದರುತ್ತಿದ್ದರು. ನೀನು ಕಣ್ಣು ಕೆಳಗೆ ಹಾಕಿ ನಗುತ್ತಿದ್ದೆ. ಚಿತ್ರದ ಫೋಟೋಗ್ರಾಫರ್ ಸುಮ್ಮನೆ ಒಂದು ಕ್ಲಿಕ್ ಮಾಡಿದ್ದ. ಆಮೇಲೆ ಒಂದು ಬುಧವಾರ ಅದು ನನ್ನ ಮೇಜಿಗೆ ಹಳದಿಯ ಮುಖಪುಟಕ್ಕೆ ಅಂತ ಬಂತು. ನನಗೆ ಎಷ್ಟು ಸಂತೋಷವಾಯಿತು ಗೊತ್ತೆ? ತಂಗಿಯ ಮೊದಲ ಮುಖಪುಟ! ಮುಖ ತುಂಬಬೇಕಲ್ಲ, ಅಪ್ಪನ ತಲೆ, ಎದೆ, ಪಿನ್ನು ಎಲ್ಲ ಹೊರಗೆ ಹೋದವು. ಕೈ ಕತ್ತರಿಸಿದರೆ ನಿನ್ನ ಹೆಗಲೇ ಹೋಗುತ್ತಿತ್ತು, ಹಾಗಾಗಿ ಉಳಿಸಿದೆ. ಸೂಜಿ ಚುಚ್ಚದ ಹಾಗೆ ಅಪ್ಪ ನಡುಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನಕ್ಕೆ ಫ್ಲ್ಯಾಶ್ ಬಡಿದು ಬಿಳಿ ಚುಕ್ಕೆಯಾಗಿತ್ತು. ಪುಟದ ಮೇಲೆ ಹಾಗೆ ಹೊಳೆಯುವುದು ದೋಷ. ಸಣ್ಣ ಕುಂಚ ತೆಗೆದುಕೊಂಡು ಅದನ್ನು ಅಳಿಸಿದೆ. ಆಮೇಲೆ ನಿಯಮದ ಪ್ರಕಾರ ಕೈಯ ಸುಕ್ಕುಗಳನ್ನೂ ಒಂದೊಂದಾಗಿ ಬಣ್ಣ ತುಂಬಿ ಮುಚ್ಚಿದೆ. ಅಪ್ಪನ ಕೈ ಅಂತ ನನಗೆ ಗೊತ್ತಿತ್ತು ಕಣೇ. ಆದರೆ ಕುಂಚ ಹಿಡಿದಾಗ ನನಗೆ ಅಪ್ಪ ಕಾಣುವುದಿಲ್ಲ, ಪುಟ ಕಾಣುತ್ತದೆ. ಅರವತ್ತೆರಡರ ಕೈಯನ್ನು ಮೂವತ್ತರ ಕೈ ಮಾಡಿ ಮೇಜಿನ ಮೇಲಿಟ್ಟೆ.

ಸಂಪಾದಕರು ಬಂದರು. ಅವರನ್ನು ನೀನು ನೋಡಿದ್ದೀಯ, ನಾವು ಕತ್ತರಿ ಅನ್ನುತ್ತೇವಲ್ಲ, ಅವರೇ. ಬಗ್ಗಿ ನೋಡಿ, ಯಾವ ದುರುದ್ದೇಶವೂ ಇಲ್ಲದೆ, “ಈ ಕೈ ಯಾರ್ದು?” ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರ ಮುಖ ಅರಳಿತು. “ಇದೇ ಹೆಡ್ಡಿಂಗು!” ಅಂದರು. ಸಾರ್, ಅದು ನಮ್ಮ ಅಪ್ಪನ ಕೈ ಅಂದೆ. ಅಂದಿದ್ದೇನೆ, ನಂಬು. “ಯಾರದ್ದಾದ್ರೂ ಆಗ್ಲಿ, ಉತ್ತರ ಗೊತ್ತಿರೋ ಪ್ರಶ್ನೇನ ಯಾರೂ ದುಡ್ಡು ಕೊಟ್ಟು ಕೊಳ್ಳಲ್ಲ. ನಾಲ್ಕು ವಾರ ನಡೀಲಿ. ಆಫೀಸಿಂದ ಹೊರಗೆ ಮಾತು ಹೋದ್ರೆ ಹೇಳಿದೋರು ವಾಪಸ್ ಕೆಲಸಕ್ಕೆ ಬರೋದು ಬೇಡ” ಅಂದರು. ನಾನು ಏನು ಮಾಡಿದೆ ಕೇಳು. ಎದ್ದು ಹೋಗಲಿಲ್ಲ. ಓರೆ ಅಕ್ಷರ ಆರಿಸಿದೆ, ಪ್ರಶ್ನೆಯ ಚಿಹ್ನೆ ಸಪ್ಪೆಯಾಗಿದೆ ಅಂತ ಅದಕ್ಕೆ ನಾನೇ ಕೆಂಪು ಬಳಿದೆ.

ಮುಂದಿನದು ನಿನಗೇ ಗೊತ್ತು. ಮೂಟೆಗಟ್ಟಲೆ ಕಾರ್ಡು ಬಂದವು. ನಾಯಕನ ಕೈ, ನಿರ್ಮಾಪಕನ ಕೈ, ಮದುವೆಯಾಗಿ ಇಬ್ಬರು ಮಕ್ಕಳಿರುವ ನಿರ್ದೇಶಕನ ಕೈ. ಒಬ್ಬ ಮಹಾಶಯ ಬೆರಳುಗಳ ಉದ್ದ ನೋಡಿ ಆ ಕೈಯವನ ಗುಣವನ್ನೇ ಬರೆದು ಕಳಿಸಿದ್ದ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಅಂತ ಗಾದೆಯಲ್ಲಿ ಕೇಳಿದ್ದೆ, ನಾನು ಅಪ್ಪನ ಕೈ ತೋರಿಸಿ ನಿನ್ನನ್ನು ಅವಲಕ್ಷಣ ಅನ್ನಿಸಿದೆ. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಅಂತ ಎಲ್ಲರೂ ಕೇಳಿದರು. ಆಡುತ್ತದೆ. ನಮ್ಮ ಕಚೇರಿಗೆ ಬಂದರೆ ತೋರಿಸುತ್ತೇನೆ. ನಿನ್ನ ಮುಂದಿನ ಚಿತ್ರದವರು, ಇದು ಸಂಸಾರ ಸಮೇತ ನೋಡುವ ಚಿತ್ರ ಅಂತ ಹೇಳಿ ನಿನ್ನನ್ನು ಕೈಬಿಟ್ಟರು.

ಅಪ್ಪ ಪತ್ರಿಕೆ ಓದುವವರಲ್ಲ. ಗಿರಾಕಿ ಹೆಂಗಸೊಬ್ಬಳು ಬೇಕಂತಲೇ ಕೌಂಟರಿನ ಮೇಲೆ ಬಿಡಿಸಿಟ್ಟು ಹೋದಳು. ಮರುದಿನ ಬೆಳಿಗ್ಗೆ ಅಪ್ಪ ಅದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದು, “ಈ ಕೈ ಯಾರ್ದು ಹೇಳು, ಇಲ್ಲಾಂದ್ರೆ ಬಾಗ್ಲು ಆ ಕಡೆ ಇದೆ” ಅಂದರು. ನೀನು ಮೊದಲು ತಮಾಷೆ ಅಂದುಕೊಂಡು ನಕ್ಕೆ. ಆಮೇಲೆ ಅವರ ಮುಖ ನೋಡಿದೆ. ನಲವತ್ತು ವರ್ಷ ಅಂಗುಸ್ತಾನ ಇಲ್ಲದೆ ಆ ಬೆರಳನ್ನು ಅವರೇ ನೋಡಿಲ್ಲ, ಸುಕ್ಕು ಬೇರೆ ಇರಲಿಲ್ಲ, ಗುರುತು ಹತ್ತಲಿಲ್ಲ. ಇದು ನನಗೆ ಅರ್ಥವಾಯಿತು, ನಿನಗೆ ಹೇಗೆ ಆಗಬೇಕು? ಹೆತ್ತ ಅಪ್ಪ ತನ್ನ ಕೈಯನ್ನೇ ಕಂಡವರ ಕೈ ಅಂತ ನಿನ್ನ ಮುಖಕ್ಕೆ ಹಿಡಿದರೆ ನೀನಾದರೂ ಏನು ಹೇಳುತ್ತೀ? ನೀನು ಅಪ್ಪನನ್ನು ನೋಡಲಿಲ್ಲ, ಅಡುಗೆಮನೆಯ ಬಾಗಿಲಲ್ಲಿ ಚಹಾ ಸೋಸುತ್ತಿದ್ದ ನನ್ನನ್ನು ನೋಡಿದೆ. ನಾನು ಚಹಾ ಸೋಸುತ್ತಲೇ ಇದ್ದೆ. ಬಟ್ಟೆ ತುಂಬಿಕೊಂಡು ಹೊರಟಾಗ ನನ್ನ ಹತ್ತಿರ ನಿಂತು, “ನೀನು ಹೇಳ್ತೀಯಾ ಅಂತ ನೋಡ್ತಾ ಇದ್ದೆ” ಅಂದೆಯಲ್ಲ, ಅಷ್ಟೇ ಅಂದೆ.

ಕೆಲಸ ಹೋಗುತ್ತದೆ ಅಂತ ಹೆದರಿದೆ, ನಿಜ. ಆದರೆ ಅದಷ್ಟೇ ಆಗಿದ್ದರೆ ಈ ಪತ್ರವನ್ನು ಎಂಟು ತಿಂಗಳ ಹಿಂದೆಯೇ ಬರೆಯುತ್ತಿದ್ದೆ. ಒಳಗೆ ಎಲ್ಲೋ ಒಂದು ಚಿಟಿಕೆ ಸಮಾಧಾನವೂ ಆಯಿತು ನನಗೆ. ಬೀದಿಯಲ್ಲಿ ಜನ ನಿನ್ನನ್ನು ತಿರುಗಿ ನೋಡುತ್ತಿದ್ದರು. ನಾನು ಪಕ್ಕದಲ್ಲಿ ನಡೆದರೆ ಯಾರೂ ನೋಡುತ್ತಿರಲಿಲ್ಲ. ಅಪ್ಪ ನಿನ್ನ ಉಡುಪು ಹೊಲಿಯಲು ನನ್ನ ರವಿಕೆ ಹಿಂದಕ್ಕೆ ಹಾಕುತ್ತಿದ್ದರು. ಇಷ್ಟು ಸಣ್ಣ ವಿಷಯ. ಅವತ್ತು ಮಾತ್ರ ಅಪ್ಪನ ಕಣ್ಣಲ್ಲಿ ನಾನು ಒಳ್ಳೆಯ ಮಗಳಾಗಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ, ನಿನಗೆ ಇನ್ನು ಬಣ್ಣ ಬಳಿದ ಮಾತು ಬೇಡ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಗುರುವಾರ ಆ ಫೋಟೋ ಮತ್ತೆ ನನ್ನ ಮೇಜಿಗೆ ಬಂತು, ಅದೂ ಎರಡು ಕಡೆಗೆ. ಗುಲಾಬಿಯವರಿಗೆ ‘ದಾರಿ ತಪ್ಪಿದ ಮಗಳು ಮನೆಗೆ ಮರಳುವಳೇ?’ ಅನ್ನುವ ಲೇಖನಕ್ಕೆ ಬೇಕಂತೆ, ನಿನ್ನ ಕಣ್ಣ ಕೆಳಗೆ ಒಂದು ಹನಿ ನೀರು ಬರೆಯಬೇಕಂತೆ. ಬಿಳಿಯವರು ಹೆಣ್ಣಿನ ಬಗ್ಗೆ ಗಾಸಿಪ್ ಹಬ್ಬಿಸುವ ಸಮಾಜವನ್ನು ಖಂಡಿಸಿ ಆರು ಪುಟ ಬರೆದಿದ್ದಾರೆ. ಅದಕ್ಕೂ ಅದೇ ಕೈ, ಕಪ್ಪು ಬಿಳುಪಿನಲ್ಲಿ, ಸುತ್ತ ಧಾರಾಳ ಖಾಲಿ ಜಾಗ. ಈ ಸಲ ಸುಕ್ಕು ಬೇಕಂತೆ! ನಾನೇ ಮುಚ್ಚಿದ ಸುಕ್ಕನ್ನು ನಾನೇ ಮತ್ತೆ ಗೀಚಬೇಕು. ಹಳದಿಯಲ್ಲಿ ನಿನ್ನನ್ನು ಕೆಡಿಸಿ, ಗುಲಾಬಿಯಲ್ಲಿ ಕಣ್ಣೀರು ಹಾಕಿಸಿ, ಬಿಳಿಯಲ್ಲಿ ನಿನ್ನ ಪರ ನ್ಯಾಯ ಕೇಳುತ್ತಾರೆ, ಮೂರಕ್ಕೂ ಬೆಲೆ ಬೇರೆ ಬೇರೆ. ಇಡೀ ಫೋಟೋ ಹಾಕೋಣ ಸಾರ್, ಬಿಳಿಯಲ್ಲಿ ಜಾಗ ಇದೆಯಲ್ಲ, ಅಪ್ಪ ಆರಾಮಾಗಿ ಹಿಡಿಸುತ್ತಾರೆ ಅಂದೆ. “ಅಪ್ಪ ಮಗಳ ಫೋಟೋ ಅವರವರ ಮನೆ ಗೋಡೆ ಮೇಲೇ ಇರುತ್ತಲ್ಲಮ್ಮ” ಅಂದರು ಕತ್ತರಿ. ನಾನು ಕುಂಚ ತೊಳೆದಿಟ್ಟು, ಡ್ರಾಯರಿನಿಂದ ಮೂಲ ಫೋಟೋವನ್ನೂ ನೆಗೆಟಿವ್ ಅನ್ನೂ ಚೀಲಕ್ಕೆ ಹಾಕಿಕೊಂಡು ಬಂದೆ. ಸೋಮವಾರ ಅವರು ಹುಡುಕುತ್ತಾರೆ. ಹುಡುಕಲಿ.

ಇವತ್ತು ಅಪ್ಪ ಊಟಕ್ಕೆ ಮೇಲೆ ಬಂದಾಗ ಇಡೀ ಫೋಟೋ ಅವರ ಮುಂದೆ ಇಡುತ್ತೇನೆ. ಯಾರು ಕತ್ತರಿಸಿದ್ದು, ಯಾರು ಅಳಿಸಿದ್ದು ಎಲ್ಲ ಹೇಳುತ್ತೇನೆ. ಅವರು ನನ್ನನ್ನೂ ಅದೇ ಬಾಗಿಲು ತೋರಿಸಿ ಹೊರಗೆ ಕಳಿಸಿದರೆ ಹೋಗುತ್ತೇನೆ. ಆದರೆ ನಿಜ ತಿಳಿದ ಮೇಲೆ ಅವರೇ ಬಸ್ಸು ಹತ್ತಿ ನಿನ್ನ ಹತ್ತಿರ ಬರುತ್ತಾರೆ, ಬಾಗಿಲಲ್ಲಿ ನಿಂತು ನಿನ್ನ ಹೆಸರು ಕೂಗುತ್ತಾರೆ, ಅದನ್ನು ಮಾತ್ರ ನಾನು ನಂಬಿದ್ದೇನೆ. ಬಂದರೆ ಒಳಗೆ ಕರಿ. ಅವರದೇನೂ ತಪ್ಪಿಲ್ಲ, ಅವರಿಗೆ ಗೊತ್ತಿರಲಿಲ್ಲ.

ನೀನು ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು, ಗಂಟಲು ಕಾಪಾಡಿಕೋ, ಹಲ್ಲು ಕೀಳಿಸು. ಮೇಕಪ್ ಆಕೆಗೆ ನನ್ನ ನಮಸ್ಕಾರ ಹೇಳು. ನಿನಗೆ ನನ್ನ ಆಶೀರ್ವಾದ ಬೇಕೋ ಬೇಡವೋ, ದೊಡ್ಡವಳಾದ ತಪ್ಪಿಗೆ ಕಳಿಸುತ್ತಿದ್ದೇನೆ.

ನಿನ್ನ ಅಕ್ಕ

ಮರೆಯುವ ಮುನ್ನ: ಮೇಲಿನದನ್ನು ಮಡಚಿ ಲಕೋಟೆಗೆ ಹಾಕಿದ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಅಪ್ಪನಿಗೆ ಫೋಟೋ ತೋರಿಸಿದೆ. ಕೈಯಲ್ಲಿ ತೆಗೆದುಕೊಳ್ಳಲೂ ಇಲ್ಲ. “ಗೊತ್ತು” ಅಂದರು. ನೀನು ಹೋದ ಎರಡನೇ ವಾರವೇ ಗೊತ್ತಾಯಿತಂತೆ. ಆ ಮುಖಪುಟದಲ್ಲಿ ಹೆಗಲ ಹತ್ತಿರ ಬಿಟ್ಟ ಕಚ್ಚಾ ಹೊಲಿಗೆ ನೋಡಿ, ಇದು ನನ್ನದೇ ದಾರ ಅಂತ ಗುರುತು ಹಿಡಿದರಂತೆ. ಯಾರು ತಿದ್ದಿದ್ದು ಅನ್ನುವುದೂ ಅವತ್ತೇ ಹೊಳೆಯಿತಂತೆ. ಮತ್ತೆ ಅವಳಿಗೆ ಯಾಕೆ ಹೇಳಲಿಲ್ಲ, ಯಾಕೆ ಹುಡುಕಲಿಲ್ಲ ಅಂತ ಕೂಗಿದೆ. “ಹುಡುಕಿ ಕರ್ಕೊಂಡು ಬಂದಿದ್ರೆ ನೀನು ಮಾಡಿದ್ದೂ ಬಾಯಿಗೆ ಬರ್ತಿತ್ತು, ನೀನೂ ಉಳೀತಿರ್ಲಿಲ್ಲ. ಒಬ್ಳು ಹೋಗಾಗಿತ್ತು. ಇನ್ನೊಬ್ಳಾದ್ರೂ ಇರ್ಲಿ ಅಂದ್ಕೊಂಡೆ” ಅಂದರು. ಅನ್ನ ಬಡಿಸು ಅಂದರು. ಬಡಿಸಿದೆ ಕಣೇ. ಎಂಟು ತಿಂಗಳಿಂದ ನಾನು ಅವರಿಗೆ ಮೋಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಾವಿಬ್ಬರೂ ಎದುರುಬದುರು ಕೂತು ಉಣ್ಣುತ್ತಾ ನಿನಗೆ ಮಾಡುತ್ತಿದ್ದೆವು. ಅವರಾಗಿ ಬರುವುದಿಲ್ಲ. ದಾರಿ ಕಾಯಬೇಡ.